ದೋಣಿಯ ಸವೆದ ಹಿಂಬದಿ ಚಾಲನಾ ಘಟಕದ ಪುನರ್‌ನಿರ್ಮಾಣ ಮತ್ತು ಬದಲಾವಣೆ: ಮುಳ್ಳೂರು ಹಾಗೂ ಕಾವೇರಿ ತೀರದ ದೋಣಿ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರು ಗ್ರಾಮವು ಕಾವೇರಿ ನದಿ ತೀರದಲ್ಲಿದೆ. ತಿರುಮಕೂಡಲು ನರಸೀಪುರದಲ್ಲಿ ಕಪಿಲಾ ನದಿಯು ಕಾವೇರಿಯನ್ನು ಸೇರಿದ ನಂತರ ಹರಿಯುವ ನೀರು ಈ ಭಾಗದ ಮೂಲಕ ಸಾಗುವುದರಿಂದ, ಕೃಷ್ಣರಾಜಸಾಗರ ಮತ್ತು ಕಬಿನಿ ಎರಡೂ ಜಲಾಶಯಗಳ ಹೊರಹರಿವಿನ ಪರಿಣಾಮ ಇಲ್ಲಿ ಒಟ್ಟಾಗಿ ಕಂಡುಬರುತ್ತದೆ. 2018 ಮತ್ತು 2019ರ ಮಳೆಗಾಲದಲ್ಲಿ ಮುಳ್ಳೂರು, ದಾಸನಪುರ, ಹರಳೆ, ಹಳೇ ಹಂಪಾಪುರ, ಹಳೇ ಅಣಗಳ್ಳಿ, ಯಡಕುರಿಯ ಮೊದಲಾದ ತೀರಗ್ರಾಮಗಳು ಪ್ರವಾಹಕ್ಕೆ ಒಳಗಾದವು. ಇಂತಹ ದಿನಗಳಲ್ಲಿ ಜನರನ್ನು, ಜಾನುವಾರುಗಳನ್ನು ಹಾಗೂ ಔಷಧಿ, ಆಹಾರಗಳನ್ನು ಸಾಗಿಸಲು ದೋಣಿಯೇ ಆಧಾರ.

ಯಂತ್ರಚಾಲಿತ ದೋಣಿಯಲ್ಲಿ ಎಂಜಿನ್ ಎಷ್ಟೇ ಸುಸ್ಥಿತಿಯಲ್ಲಿದ್ದರೂ, ಅದರ ಶಕ್ತಿಯನ್ನು ನೀರಿಗೆ ತಲುಪಿಸುವ ಭಾಗ ಸವೆದಿದ್ದರೆ ದೋಣಿಯು ಹರಿವಿನ ವಶವಾಗುತ್ತದೆ. ಮುಳ್ಳೂರಿನ ಕೆಳಭಾಗದಲ್ಲಿ ನದಿಯು ಶಿವನಸಮುದ್ರದ ಕಡೆಗೆ ಸಾಗಿ, ಅಲ್ಲಿ ಕವಲೊಡೆದು ಗಗನಚುಕ್ಕಿ ಮತ್ತು ಭರಚುಕ್ಕಿ ಜಲಪಾತಗಳಾಗಿ ಧುಮುಕುತ್ತದೆ. ಆದುದರಿಂದ ಈ ಹರಿವಿನಲ್ಲಿ ಚಾಲನೆ ಕಳೆದುಕೊಂಡ ದೋಣಿಯು ಕೇವಲ ನಿಂತುಹೋದ ವಾಹನವಲ್ಲ ಎಂಬುದನ್ನು ಮಾಲೀಕರು ಗಮನದಲ್ಲಿರಿಸಬೇಕು.

ಸವೆದ ಚಾಲನಾ ಘಟಕವನ್ನು ಗುರುತಿಸುವುದು, ಅದನ್ನು ಬಿಚ್ಚಿ ಪುನರ್‌ನಿರ್ಮಿಸಬೇಕೇ ಅಥವಾ ಬದಲಾಯಿಸಬೇಕೇ ಎಂದು ತೀರ್ಮಾನಿಸುವುದು, ಮತ್ತು ಯಾವ ಬದಲಾವಣೆಗೆ ಪೂರ್ವಾನುಮೋದನೆ ಅವಶ್ಯವೆಂದು ತಿಳಿಯುವುದು, ಈ ಮೂರು ವಿಷಯಗಳ ಕುರಿತು ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

2. ಹಿಂಬದಿ ಚಾಲನಾ ಘಟಕ ಎಂದರೇನು?

ಎಂಜಿನ್ ದೋಣಿಯ ಒಳಗೆ ಹಿಂಗೋಡೆಗೆ ಹೊಂದಿಕೊಂಡಿದ್ದು, ಗೇರುಗಳು ಮತ್ತು ಪ್ರೊಪೆಲ್ಲರ್ ಇರುವ ಭಾಗವು ಹಿಂಗೋಡೆಯ ಹೊರಗೆ ನೀರಿನಲ್ಲಿ ಇಳಿದಿರುವ ವ್ಯವಸ್ಥೆಗೆ ಸ್ಟರ್ನ್‌ಡ್ರೈವ್ ಅಥವಾ ಹಿಂಬದಿ ಚಾಲನಾ ಘಟಕ ಎಂದು ಹೆಸರು. 1959ರಲ್ಲಿ ಸ್ವೀಡನ್ನಿನ ವೋಲ್ವೋ ಪೆಂಟಾ ಸಂಸ್ಥೆಯು ಅಕ್ವಾಮ್ಯಾಟಿಕ್ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ನಂತರ ಅಮೆರಿಕದ ಮರ್‌ಕ್ರೂಸರ್ ಘಟಕಗಳೂ ಬಳಕೆಗೆ ಬಂದವು. ಪ್ರವಾಸಿ ವಿಹಾರದ ದೊಡ್ಡ ದೋಣಿಗಳು ಮತ್ತು ಗಸ್ತು ದೋಣಿಗಳಲ್ಲಿ ಈ ವ್ಯವಸ್ಥೆಯನ್ನು ಕಾಣಬಹುದು.

ಔಟ್‌ಬೋರ್ಡ್ ಮೋಟಾರಿನಲ್ಲಿ ಎಂಜಿನ್ ಸಹಿತ ಇಡೀ ಘಟಕವು ಹಿಂಗೋಡೆಯ ಹೊರಗೆ ತೂಗಿರುತ್ತದೆ. ರಕ್ಷಣಾ ಕಾರ್ಯದ ರಬ್ಬರ್ ದೋಣಿಗಳು ಹಾಗೂ ಸಣ್ಣ ಫೈಬರ್ ದೋಣಿಗಳಲ್ಲಿ ಇದೇ ಹೆಚ್ಚು. ಎರಡರಲ್ಲಿಯೂ ನೀರಿನೊಳಗಿನ ಗೇರುಪೆಟ್ಟಿಗೆಯ ರಚನೆ ಮತ್ತು ಸವೆತದ ಬಗೆ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಕೆಳಗಿನ ಬಹುಪಾಲು ವಿವರಗಳು ಔಟ್‌ಬೋರ್ಡ್ ಮೋಟಾರಿನ ಕೆಳಘಟಕಕ್ಕೂ ಅನ್ವಯಿಸುತ್ತವೆ.

ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಹಿಂಬದಿ ಚಾಲನಾ ಘಟಕಕ್ಕಾಗಿ ದೋಣಿಯ ಹಿಂಗೋಡೆಯಲ್ಲಿ ರಂಧ್ರವಿರುತ್ತದೆ. ಆ ರಂಧ್ರದ ಮೂಲಕ ಹಾದುಹೋಗುವ ದಂಡವನ್ನು ನೀರಿನಿಂದ ಬೇರ್ಪಡಿಸುವುದು ಬೆಲ್ಲೋಸ್ ಎಂಬ ಮಡಿಕೆಯುಳ್ಳ ರಬ್ಬರ್ ತೋಳು ಮಾತ್ರ. ಈ ರಬ್ಬರ್ ಹರಿದರೆ ನೀರು ಮೊದಲು ಬೇರಿಂಗ್‌ಗಳಿಗೆ, ಆನಂತರ ದೋಣಿಯ ಒಡಲಿಗೆ ನುಗ್ಗುತ್ತದೆ. ಕಟ್ಟಿಹಾಕಿದ ಸ್ಥಿತಿಯಲ್ಲಿಯೇ ದೋಣಿ ಮುಳುಗಲು ಇಷ್ಟು ಸಾಕು.

3. ಘಟಕದ ಪ್ರಮುಖ ಭಾಗಗಳು

(ಅ) ಯೂನಿವರ್ಸಲ್ ಜಾಯಿಂಟ್‌ಗಳು: ಎಂಜಿನ್ನಿನ ತಿರುಗುವಿಕೆಯನ್ನು, ಘಟಕವು ಎಡಬಲಕ್ಕೆ ಅಥವಾ ಮೇಲೆ ಕೆಳಗೆ ತಿರುಗಿದಾಗಲೂ, ತಡೆಯಿಲ್ಲದೆ ದಾಟಿಸುವ ಕೀಲುಗಳು.

(ಆ) ಗಿಂಬಲ್ ಬೇರಿಂಗ್: ಹಿಂಗೋಡೆಯ ಬಳಿ ಚಾಲನಾ ದಂಡವನ್ನು ಹೊರುವ ಬೇರಿಂಗ್.

(ಇ) ಮೇಲಿನ ಮತ್ತು ಕೆಳಗಿನ ಗೇರುಪೆಟ್ಟಿಗೆಗಳು: ಅಡ್ಡ ತಿರುಗುವಿಕೆಯನ್ನು ಲಂಬ ದಂಡಕ್ಕೂ, ಲಂಬ ದಂಡದಿಂದ ಪ್ರೊಪೆಲ್ಲರ್ ದಂಡಕ್ಕೂ ವರ್ಗಾಯಿಸುವ ಗೇರುಗಳು ಇಲ್ಲಿರುತ್ತವೆ.

(ಈ) ಎಣ್ಣೆ ಸೀಲುಗಳು: ಗೇರು ಎಣ್ಣೆಯು ಹೊರಹೋಗದಂತೆ ಮತ್ತು ನೀರು ಒಳಬಾರದಂತೆ ತಡೆಯುವ ರಬ್ಬರ್ ಉಂಗುರಗಳು.

(ಉ) ನೀರಿನ ಪಂಪಿನ ಇಂಪೆಲ್ಲರ್: ಎಂಜಿನ್ನನ್ನು ತಂಪಾಗಿಡಲು ನದಿ ನೀರನ್ನು ಮೇಲೆತ್ತುವ ರಬ್ಬರ್ ಚಕ್ರ.

(ಊ) ಆನೋಡ್‌ಗಳು: ಘಟಕದ ಅಲ್ಯೂಮಿನಿಯಂ ಹೊರಕವಚದ ಬದಲಿಗೆ ತಾವೇ ಕರಗಿ, ಕವಚವನ್ನು ತುಕ್ಕಿನಿಂದ ಕಾಯುವ ಲೋಹದ ತುಂಡುಗಳು.

4. ಸವೆತದ ಚಿಹ್ನೆಗಳು

ಈ ಕೆಳಕಂಡ ಚಿಹ್ನೆಗಳಲ್ಲಿ ಯಾವುದೇ ಒಂದು ಕಂಡುಬಂದಲ್ಲಿ ದೋಣಿಯಲ್ಲಿ ಪ್ರಯಾಣಿಕರನ್ನು ಕರೆದೊಯ್ಯುವುದನ್ನು ನಿಲ್ಲಿಸಿ ಘಟಕವನ್ನು ಪರೀಕ್ಷಿಸಬೇಕು.

(1) ಗೇರು ಎಣ್ಣೆಯು ಹಾಲಿನಂತೆ ಬೆಳ್ಳಗಾಗಿರುವುದು. ಎಣ್ಣೆಯಲ್ಲಿ ನೀರು ಬೆರೆತಿದೆ, ಅಂದರೆ ಯಾವುದೋ ಸೀಲು ಕೆಟ್ಟಿದೆ ಎಂಬುದು ಇದರರ್ಥ.

(2) ಎಣ್ಣೆ ಬಸಿಯುವ ತಿರುಪಿನ ಅಯಸ್ಕಾಂತದ ಮೇಲೆ ಲೋಹದ ಚೂರುಗಳು ಕಾಣುವುದು. ನವಿರಾದ ಬೂದುಬಣ್ಣದ ಪುಡಿ ಸಹಜ ಸವೆತ. ಕೈಗೆ ತಗಲುವಂತಹ ಚೂರುಗಳಿದ್ದರೆ ಗೇರು ಅಥವಾ ಬೇರಿಂಗ್ ಒಡೆಯುತ್ತಿದೆ ಎಂದು ತಿಳಿಯಬೇಕು.

(3) ದೋಣಿಯನ್ನು ತಿರುಗಿಸುವಾಗ ಮಾತ್ರ ಹಿಂಗೋಡೆಯ ಬಳಿ ಗುರುಗುಟ್ಟುವ ಶಬ್ದ ಬರುವುದು. ಇದು ಸಾಮಾನ್ಯವಾಗಿ ಗಿಂಬಲ್ ಬೇರಿಂಗ್ ಅಥವಾ ಯೂನಿವರ್ಸಲ್ ಜಾಯಿಂಟಿನ ಸವೆತ.

(4) ಗೇರು ಹಾಕಿದಾಗ ಜೋರಾದ ಬಡಿತ ಕೇಳಿಸುವುದು, ಅಥವಾ ಗೇರು ತಾನಾಗಿಯೇ ಜಾರುವುದು. ಕ್ಲಚ್ಚಿನ ಹಲ್ಲುಗಳ ಸವೆತ ಅಥವಾ ಗೇರು ಕೇಬಲ್ಲಿನ ತಪ್ಪು ಹೊಂದಾಣಿಕೆ ಇದಕ್ಕೆ ಕಾರಣ.

(5) ಎಂಜಿನ್ ವೇಗ ಹೆಚ್ಚಿದರೂ ದೋಣಿ ಮುಂದೆ ಸಾಗದಿರುವುದು. ಪ್ರೊಪೆಲ್ಲರಿನ ನಡುವಿನ ರಬ್ಬರ್ ಹಬ್ ಜಾರುತ್ತಿರಬಹುದು. ಈ ಸಂದರ್ಭದಲ್ಲಿ ಇಡೀ ಘಟಕವನ್ನು ಬಿಚ್ಚುವ ಮೊದಲು ಪ್ರೊಪೆಲ್ಲರನ್ನು ಪರೀಕ್ಷಿಸಿದರೆ ಅನಗತ್ಯ ವೆಚ್ಚ ತಪ್ಪುತ್ತದೆ.

(6) ಒಡಲಿನ ತಳದಲ್ಲಿ ಪ್ರತಿದಿನವೂ ನೀರು ಸೇರುವುದು. ಹಿಂಬದಿ ಚಾಲನಾ ಘಟಕವುಳ್ಳ ದೋಣಿಯಲ್ಲಿ ಮೊದಲು ಶಂಕಿಸಬೇಕಾದದ್ದು ಬೆಲ್ಲೋಸ್.

(7) ಚುಕ್ಕಾಣಿ ತಿರುಗಿಸಿದರೂ ಘಟಕವು ತಡವಾಗಿ ತಿರುಗುವುದು, ಅಥವಾ ಘಟಕವನ್ನು ಕೈಯಲ್ಲಿ ಅಲುಗಿಸಿದಾಗ ಸಡಿಲ ಕಾಣುವುದು.

ಪ್ರವಾಹದ ನೀರಿನಲ್ಲಿ ಮರಳು ಮತ್ತು ಹೂಳು ಹೆಚ್ಚಾಗಿರುವುದರಿಂದ ಇಂಪೆಲ್ಲರ್ ಮತ್ತು ಸೀಲುಗಳು ಬೇಗ ಸವೆಯುತ್ತವೆ. ಮೀನುಬಲೆಯ ನೈಲಾನ್ ದಾರವು ಪ್ರೊಪೆಲ್ಲರ್ ದಂಡಕ್ಕೆ ಸುತ್ತಿಕೊಂಡು ಸೀಲನ್ನು ಕತ್ತರಿಸುವುದೂ ನದಿ ದೋಣಿಗಳಲ್ಲಿ ಸಾಮಾನ್ಯ. ಆದುದರಿಂದ ಪ್ರೊಪೆಲ್ಲರನ್ನು ಕಾಲಕಾಲಕ್ಕೆ ಬಿಚ್ಚಿ ಅದರ ಹಿಂಭಾಗವನ್ನು ನೋಡತಕ್ಕದ್ದು.

5. ಪುನರ್‌ನಿರ್ಮಾಣವೋ, ಬದಲಾವಣೆಯೋ?

ಘಟಕವನ್ನು ಬಿಚ್ಚಿ ನೋಡದೆ ಈ ತೀರ್ಮಾನ ಕೈಗೊಳ್ಳುವುದು ಸರಿಯಲ್ಲ. ಬಿಚ್ಚಿದ ನಂತರ ಕೆಳಕಂಡಂತೆ ವಿಂಗಡಿಸಬಹುದು.

ಪುನರ್‌ನಿರ್ಮಾಣ ಸಾಕಾಗುವ ಸಂದರ್ಭಗಳು: ಸೀಲು, ಬೇರಿಂಗ್, ಬೆಲ್ಲೋಸ್, ಇಂಪೆಲ್ಲರ್, ಕೇಬಲ್‌ಗಳು ಮಾತ್ರ ಸವೆದಿದ್ದು, ಗೇರುಗಳ ಹಲ್ಲುಗಳು ನುಣುಪಾಗಿ, ಮುರುಕಿಲ್ಲದೆ ಇರುವುದು; ಹೊರಕವಚದಲ್ಲಿ ಬಿರುಕಿಲ್ಲದಿರುವುದು; ಪ್ರೊಪೆಲ್ಲರ್ ದಂಡ ಬಾಗದಿರುವುದು.

ಬದಲಾವಣೆ ಸೂಕ್ತವಾಗುವ ಸಂದರ್ಭಗಳು: ಕವಚದಲ್ಲಿ ಬೇರಿಂಗ್ ಕೂರುವ ಜಾಗವೇ ಸವೆದಿರುವುದು ಅಥವಾ ತುಕ್ಕಿನಿಂದ ತಿಂದುಹೋಗಿರುವುದು, ಬಂಡೆಗೆ ತಗುಲಿ ಕವಚ ಬಿರುಕು ಬಿಟ್ಟಿರುವುದು, ಮೇಲಿನ ಮತ್ತು ಕೆಳಗಿನ ಎರಡೂ ಗೇರುಪೆಟ್ಟಿಗೆಗಳ ಗೇರುಗಳು ಹಾಳಾಗಿರುವುದು, ಆ ಮಾದರಿಯ ಬಿಡಿಭಾಗಗಳು ದೊರೆಯದಿರುವುದು.

ಇವೆರಡರ ನಡುವಿನ ಸಂದರ್ಭವೂ ಉಂಟು. ಕೆಳಗಿನ ಗೇರುಪೆಟ್ಟಿಗೆ ಮಾತ್ರ ಹಾಳಾಗಿದ್ದರೆ, ಅದನ್ನಷ್ಟೇ ಬದಲಾಯಿಸಿ ಮೇಲ್ಭಾಗವನ್ನು ಉಳಿಸಿಕೊಳ್ಳಲು ಅನೇಕ ಮಾದರಿಗಳಲ್ಲಿ ಅವಕಾಶವಿದೆ. ವೆಚ್ಚವನ್ನು ಹೋಲಿಸುವಾಗ ಬಿಡಿಭಾಗಗಳ ಬೆಲೆಯ ಜೊತೆಗೆ ಕೆಲಸಗಾರರ ಕೂಲಿ, ಸಾಗಾಣಿಕೆ ಮತ್ತು ದೋಣಿಯು ಕೆಲಸವಿಲ್ಲದೆ ನಿಲ್ಲುವ ದಿನಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೊರದೇಶದಿಂದ ತರಿಸಬೇಕಾದ ಭಾಗಗಳಿಗೆ ಕಾಲಾವಕಾಶ ಬೇಕಾಗುವುದರಿಂದ, ಪರಿಶೀಲನೆಯನ್ನು ಬೇಸಿಗೆಯ ಆರಂಭದಲ್ಲಿಯೇ ಮುಗಿಸುವುದು ಒಳಿತು. ಜಲಾಶಯಗಳಿಂದ ನೀರು ಬಿಟ್ಟ ಮೇಲೆ ದುರಸ್ತಿಗೆ ಸಮಯವಿರುವುದಿಲ್ಲ.

6. ಪುನರ್‌ನಿರ್ಮಾಣದಲ್ಲಿ ಗಮನಿಸಬೇಕಾದ ಅಂಶಗಳು

ಈ ಕೆಲಸವನ್ನು ಆ ಮಾದರಿಯ ಕೈಪಿಡಿ ಮತ್ತು ಉಪಕರಣಗಳುಳ್ಳ ನುರಿತ ಮೆಕ್ಯಾನಿಕ್‌ನಿಂದಲೇ ಮಾಡಿಸತಕ್ಕದ್ದು. ಮಾಲೀಕರು ಈ ಕೆಳಗಿನ ಅಂಶಗಳನ್ನು ಕೇಳಿ ತಿಳಿದುಕೊಳ್ಳಬಹುದು.

(1) ಗೇರುಗಳನ್ನು ಜೋಡಿಯಾಗಿ ಬದಲಾಯಿಸಲಾಗಿದೆಯೇ? ಒಟ್ಟಿಗೆ ಸವೆದ ಎರಡು ಗೇರುಗಳಲ್ಲಿ ಒಂದನ್ನು ಮಾತ್ರ ಹೊಸದು ಹಾಕಿದರೆ ಹಲ್ಲುಗಳು ಸರಿಯಾಗಿ ಕೂಡದೆ ಹೊಸ ಗೇರೂ ಬೇಗ ಹಾಳಾಗುತ್ತದೆ.

(2) ಶಿಮ್ ಎಂಬ ತೆಳು ಬಿಲ್ಲೆಗಳ ದಪ್ಪವನ್ನು ಅಳೆದು, ಗೇರುಗಳ ನಡುವಿನ ಸಡಿಲವನ್ನು ಕೈಪಿಡಿಯ ಮಿತಿಗೆ ಹೊಂದಿಸಲಾಗಿದೆಯೇ? ಹಳೆಯ ಶಿಮ್‌ಗಳನ್ನು ಅಳೆಯದೆ ಮತ್ತೆ ಹಾಕುವುದು ತಪ್ಪು.

(3) ಎಣ್ಣೆ ತುಂಬುವ ಮೊದಲು ಗಾಳಿಯ ಒತ್ತಡ ಮತ್ತು ನಿರ್ವಾತ ಪರೀಕ್ಷೆ ನಡೆಸಲಾಗಿದೆಯೇ? ಕೈಪಿಡಿಯಲ್ಲಿ ಹೇಳಿದ ಒತ್ತಡವು ನಿಗದಿತ ಸಮಯದವರೆಗೆ ಇಳಿಯದೆ ನಿಂತರೆ ಸೀಲುಗಳು ಸರಿಯಾಗಿವೆ. ಸೋಪಿನ ನೀರು ಹಚ್ಚಿದರೆ ಸೋರುವ ಜಾಗದಲ್ಲಿ ಗುಳ್ಳೆ ಏಳುತ್ತದೆ. ಇದು ನೀರಿಗಿಳಿಸುವ ಮೊದಲೇ ದೋಷವನ್ನು ತೋರಿಸುವ ಪರೀಕ್ಷೆಯಾದ್ದರಿಂದ ಇದನ್ನು ಬಿಡುವಂತಿಲ್ಲ.

(4) ಎಂಜಿನ್ ಮತ್ತು ಘಟಕದ ನೇರಳತೆಯನ್ನು ಅಳತೆ ದಂಡದಿಂದ ಪರೀಕ್ಷಿಸಲಾಗಿದೆಯೇ? ಗಿಂಬಲ್ ಬೇರಿಂಗ್ ಮೂಲಕ ಎಂಜಿನ್ನಿನ ಕಪ್ಲರಿಗೆ ದಂಡವು ಸರಾಗವಾಗಿ ಹೋಗಿ ಬರಬೇಕು. ನೇರಳತೆ ತಪ್ಪಿದ್ದರೆ ಹೊಸ ಗಿಂಬಲ್ ಬೇರಿಂಗ್ ಮತ್ತು ಕಪ್ಲರ್ ಅಲ್ಪಕಾಲದಲ್ಲಿಯೇ ಕೆಡುತ್ತವೆ.

(5) ಘಟಕವನ್ನು ಬಿಚ್ಚಿದಾಗಲೇ ಬೆಲ್ಲೋಸ್, ಗೇರು ಕೇಬಲ್ ಮತ್ತು ಇಂಪೆಲ್ಲರ್‌ಗಳನ್ನು ಬದಲಾಯಿಸಲಾಗಿದೆಯೇ? ಇವುಗಳಿಗಾಗಿ ಮತ್ತೊಮ್ಮೆ ಬಿಚ್ಚುವ ಕೂಲಿಯು ಭಾಗಗಳ ಬೆಲೆಗೆ ಸಮನಾಗಬಹುದು.

ತೆಗೆದ ಹಳೆಯ ಭಾಗಗಳನ್ನು ಹಿಂದಿರುಗಿಸುವಂತೆ ಕೇಳುವುದು ಮಾಲೀಕರ ಹಿತದೃಷ್ಟಿಯಿಂದ ಉತ್ತಮ. ಬದಲಾಯಿಸಿದ ಭಾಗಗಳ ಸಂಖ್ಯೆ, ದಿನಾಂಕ ಮತ್ತು ಎಂಜಿನ್ ಓಡಿದ ಗಂಟೆಗಳನ್ನು ನಮೂದಿಸಿದ ರಸೀದಿಯನ್ನು ಪಡೆಯತಕ್ಕದ್ದು.

7. ಬದಲಿ ಘಟಕದ ಆಯ್ಕೆ

ನೋಡಲು ಒಂದೇ ರೀತಿ ಇರುವ ಎರಡು ಘಟಕಗಳ ಗೇರು ಅನುಪಾತ ಬೇರೆ ಬೇರೆ ಇರಬಹುದು. ಉದಾಹರಣೆಗೆ, 2:1 ಅನುಪಾತದಲ್ಲಿ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಪ್ರೊಪೆಲ್ಲರ್ 1,500 ಸುತ್ತು ತಿರುಗುತ್ತದೆ. ಅದೇ ಎಂಜಿನ್ನಿಗೆ 1.5:1 ಅನುಪಾತದ ಘಟಕ ಜೋಡಿಸಿದರೆ ಪ್ರೊಪೆಲ್ಲರ್ 2,000 ಸುತ್ತು ತಿರುಗಬೇಕಾಗುತ್ತದೆ. ಪ್ರೊಪೆಲ್ಲರನ್ನು ಬದಲಿಸದಿದ್ದಲ್ಲಿ ಎಂಜಿನ್ನಿನ ಮೇಲೆ ಭಾರ ಹೆಚ್ಚಿ, ಅದು ತನ್ನ ನಿಗದಿತ ವೇಗವನ್ನು ತಲುಪುವುದಿಲ್ಲ. ತುಂಬಿದ ಹೊರೆಯೊಂದಿಗೆ ಹರಿವಿಗೆ ಎದುರಾಗಿ ಸಾಗಬೇಕಾದಾಗಲೇ ಈ ಕೊರತೆ ಹೊರಬೀಳುತ್ತದೆ.

ಆದ್ದರಿಂದ ಖರೀದಿಗೆ ಮೊದಲು ಹಳೆಯ ಘಟಕದ ಮಾದರಿ ಹೆಸರು, ಕ್ರಮಸಂಖ್ಯೆ, ಗೇರು ಅನುಪಾತ, ಪ್ರೊಪೆಲ್ಲರ್ ತಿರುಗುವ ದಿಕ್ಕು ಮತ್ತು ದಂಡದ ಉದ್ದಗಳನ್ನು ಬರೆದಿಟ್ಟುಕೊಳ್ಳಬೇಕು. ಬಳಸಿದ ಘಟಕವನ್ನು ಕೊಳ್ಳುವುದಾದರೆ ಅದರ ಎಣ್ಣೆಯನ್ನು ಬಸಿದು ನೋಡಬೇಕು, ದಂಡವನ್ನು ಕೈಯಿಂದ ತಿರುಗಿಸಿ ನೋಡಬೇಕು ಮತ್ತು ಒತ್ತಡ ಪರೀಕ್ಷೆ ಮಾಡಿಸಬೇಕು. ಹೊಸದಾಗಿ ಬಳಿದ ಬಣ್ಣವು ಒಳಗಿನ ಸ್ಥಿತಿಯನ್ನು ತಿಳಿಸುವುದಿಲ್ಲ.

8. ಕಾನೂನಿನ ಅವಶ್ಯಕತೆಗಳು

1917ರ ಒಳನಾಡು ಹಡಗುಗಳ ಅಧಿನಿಯಮದ ಸ್ಥಾನದಲ್ಲಿ ಒಳನಾಡು ಹಡಗುಗಳ ಅಧಿನಿಯಮ, 2021 ಜಾರಿಯಲ್ಲಿದೆ. ಸದರಿ ಅಧಿನಿಯಮದಂತೆ ಒಳನಾಡಿನ ನೀರಿನಲ್ಲಿ ಸಂಚರಿಸುವ ಯಂತ್ರಚಾಲಿತ ದೋಣಿಗಳಿಗೆ ಸರ್ವೇ ಪ್ರಮಾಣಪತ್ರ ಮತ್ತು ನೋಂದಣಿ ಪ್ರಮಾಣಪತ್ರ ಅವಶ್ಯ. ದೋಣಿಯ ಬಳಕೆಯಿಂದ ಉಂಟಾಗುವ ಸಾವು, ಗಾಯ ಮತ್ತು ಹಾನಿಯ ಹೊಣೆಗಾರಿಕೆಗೆ ವಿಮೆಯನ್ನೂ ಹೊಂದಿರಬೇಕು. ಯಂತ್ರಚಾಲಿತ ದೋಣಿಯ ನಿರ್ಮಾಣ ಅಥವಾ ಮಾರ್ಪಾಡಿಗೆ ನಿಯೋಜಿತ ಪ್ರಾಧಿಕಾರದ ಪೂರ್ವಾನುಮೋದನೆ ಬೇಕು.

ದುರಸ್ತಿ ಮತ್ತು ಮಾರ್ಪಾಡುಗಳ ವ್ಯತ್ಯಾಸವನ್ನು ಅರ್ಜಿದಾರರು ಸ್ಪಷ್ಟವಾಗಿ ತಿಳಿಯುವುದು ಒಳಿತು. ಸವೆದ ಘಟಕವನ್ನು ಅದೇ ಮಾದರಿಯ, ಅದೇ ಅನುಪಾತದ ಭಾಗಗಳಿಂದ ಸರಿಪಡಿಸುವುದು ದುರಸ್ತಿಯ ಸ್ವರೂಪದ್ದು. ಹೆಚ್ಚಿನ ಶಕ್ತಿಯ ಎಂಜಿನ್ ಅಳವಡಿಸುವುದು, ಹಿಂಗೋಡೆಯಲ್ಲಿ ಹೊಸ ರಂಧ್ರ ಕೊರೆಯುವುದು, ಹಿಂಬದಿ ಚಾಲನಾ ಘಟಕವನ್ನು ತೆಗೆದು ಔಟ್‌ಬೋರ್ಡ್ ಮೋಟಾರ್ ತೂಗುಹಾಕುವುದು ಅಥವಾ ದೋಣಿಯ ಹಿಂಭಾಗದ ತೂಕವನ್ನು ಗಣನೀಯವಾಗಿ ಬದಲಿಸುವುದು ಮಾರ್ಪಾಡಿನ ಸ್ವರೂಪದ್ದು. ಇಂತಹ ಕೆಲಸಗಳಿಗೆ ಕೆಲಸದ ನಂತರವಲ್ಲ, ಮೊದಲೇ ಅರ್ಜಿ ಸಲ್ಲಿಸತಕ್ಕದ್ದು. ಸಂದೇಹವಿದ್ದಲ್ಲಿ ಬರಹದ ಮೂಲಕ ಸ್ಪಷ್ಟೀಕರಣ ಪಡೆಯುವುದು ಸುರಕ್ಷಿತ.

ಹುಟ್ಟು ಹಾಕುವ ದೋಣಿಗೆ ಮೋಟಾರ್ ಜೋಡಿಸಿದಾಗ ಅದು ಯಂತ್ರಚಾಲಿತ ದೋಣಿಯಾಗುತ್ತದೆ ಎಂಬುದನ್ನೂ ಗಮನಿಸಬೇಕು.

ಈ ನಿಯಮಗಳ ಹಿಂದೆ ಜೀವಹಾನಿಯ ಅನುಭವವಿದೆ. 2023ರ ಮೇ 7ರಂದು ಕೇರಳದ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಜನರು ಮೃತಪಟ್ಟರು. ಅದು ಮೀನುಗಾರಿಕೆ ದೋಣಿಯಿಂದ ಪರಿವರ್ತಿಸಲಾದ ದೋಣಿಯಾಗಿತ್ತು. ದೋಣಿಯ ತೂಕ, ಎತ್ತರ ಮತ್ತು ಶಕ್ತಿಗಳು ಒಂದಕ್ಕೊಂದು ಹೊಂದಿರಬೇಕಾದುದರಿಂದ, ಒಂದನ್ನು ಬದಲಿಸಿದಾಗ ಉಳಿದವುಗಳ ಮೇಲಿನ ಪರಿಣಾಮವನ್ನು ಸರ್ವೇಯರ್ ಪರಿಶೀಲಿಸಬೇಕಾಗುತ್ತದೆ.

9. ಅರ್ಜಿಯ ಸಂದರ್ಭದಲ್ಲಿ ಸಿದ್ಧವಾಗಿಟ್ಟುಕೊಳ್ಳಬೇಕಾದ ದಾಖಲೆಗಳು

(1) ದೋಣಿಯ ನೋಂದಣಿ ಪ್ರಮಾಣಪತ್ರ ಮತ್ತು ಇತ್ತೀಚಿನ ಸರ್ವೇ ಪ್ರಮಾಣಪತ್ರದ ಪ್ರತಿಗಳು.
(2) ಚಾಲ್ತಿಯಲ್ಲಿರುವ ವಿಮಾ ಪತ್ರದ ಪ್ರತಿ.
(3) ಹಳೆಯ ಮತ್ತು ಹೊಸ ಎಂಜಿನ್ ಹಾಗೂ ಚಾಲನಾ ಘಟಕಗಳ ಮಾದರಿ, ಕ್ರಮಸಂಖ್ಯೆ, ಶಕ್ತಿ ಮತ್ತು ಗೇರು ಅನುಪಾತದ ವಿವರ.
(4) ಖರೀದಿ ರಸೀದಿ ಅಥವಾ ದರಪಟ್ಟಿ.
(5) ಮಾರ್ಪಾಡಿನ ನಕ್ಷೆ ಹಾಗೂ ತೂಕದ ವಿವರ.
(6) ಕೆಲಸ ನಿರ್ವಹಿಸುವ ಕಾರ್ಯಾಗಾರದ ವಿವರ.

ಅರ್ಜಿ ಸಲ್ಲಿಸಿದಾಗ ಸ್ವೀಕೃತಿ ಪತ್ರವನ್ನು ಕಡ್ಡಾಯವಾಗಿ ಪಡೆದುಕೊಳ್ಳಬೇಕು. ಕೆಲಸ ಮುಗಿದ ನಂತರ ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ದೋಣಿಯ ವಾಸ್ತವ ಸ್ಥಿತಿಗೆ ಹೊಂದುವಂತೆ ತಿದ್ದುಪಡಿ ಮಾಡಿಸತಕ್ಕದ್ದು. ವಿಮಾ ಸಂಸ್ಥೆಗೂ ಬದಲಾವಣೆಯನ್ನು ತಿಳಿಸಬೇಕು.

10. ಪರೀಕ್ಷಾ ಚಾಲನೆ

ಹೊಸದಾಗಿ ಜೋಡಿಸಿದ ಘಟಕವನ್ನು ಮೊದಲ ಬಾರಿಗೆ ಪರೀಕ್ಷಿಸುವಾಗ ಪ್ರಯಾಣಿಕರನ್ನು ಕೂರಿಸಬಾರದು ಮತ್ತು ಇತರ ದೋಣಿಗಳ ಸಮೀಪ ಹೋಗಬಾರದು. 2024ರ ಡಿಸೆಂಬರ್ 18ರಂದು ಮುಂಬಯಿ ಬಂದರಿನಲ್ಲಿ ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ವೇಗದೋಣಿಯು ನಿಯಂತ್ರಣ ತಪ್ಪಿ, ಎಲಿಫೆಂಟಾ ದ್ವೀಪದ ಕಡೆಗೆ ಹೊರಟಿದ್ದ ಪ್ರಯಾಣಿಕರ ದೋಣಿಗೆ ಡಿಕ್ಕಿ ಹೊಡೆದು 15 ಜನರು ಮೃತಪಟ್ಟರು. ಪರೀಕ್ಷೆಯಲ್ಲಿರುವ ಯಂತ್ರವು ಇನ್ನೂ ನಂಬಿಕೆಗೆ ಅರ್ಹವಾಗಿಲ್ಲವೆಂದೇ ಭಾವಿಸಿ ನಡೆದುಕೊಳ್ಳಬೇಕು.

ಪರೀಕ್ಷೆಯನ್ನು ಹರಿವು ಕಡಿಮೆ ಇರುವ ದಿನದಲ್ಲಿ, ನಿಂತ ನೀರಿನಲ್ಲಿ, ಹಗಲು ಹೊತ್ತಿನಲ್ಲಿ ನಡೆಸಬೇಕು. ಮೊದಲು ದೋಣಿಯನ್ನು ಕಟ್ಟಿಹಾಕಿದ ಸ್ಥಿತಿಯಲ್ಲಿ ಮುಂದಿನ, ಹಿಂದಿನ ಮತ್ತು ತಟಸ್ಥ ಗೇರುಗಳನ್ನು ಪರೀಕ್ಷಿಸಬೇಕು. ನಂತರ ಬೆಲ್ಲೋಸ್ ಮತ್ತು ಹಿಂಗೋಡೆಯ ಒಳಭಾಗದಲ್ಲಿ ನೀರು ಜಿನುಗುತ್ತಿದೆಯೇ ಎಂದು ನೋಡಬೇಕು. ಆನಂತರ ನಿಧಾನವಾಗಿ ವೇಗ ಹೆಚ್ಚಿಸಿ, ಪೂರ್ಣ ವೇಗದಲ್ಲಿ ಎಂಜಿನ್ ತಯಾರಕರು ಸೂಚಿಸಿದ ಸುತ್ತುಗಳನ್ನು ತಲುಪುತ್ತದೆಯೇ ಎಂದು ಗಮನಿಸಬೇಕು. ದೋಣಿಯಲ್ಲಿರುವ ಎಲ್ಲರೂ ಜೀವರಕ್ಷಕ ಜಾಕೆಟ್ ಧರಿಸಿರಬೇಕು. ಹುಟ್ಟು, ಲಂಗರು ಮತ್ತು ಹಗ್ಗ ದೋಣಿಯಲ್ಲಿರಲೇಬೇಕು. ಪರೀಕ್ಷೆಯ ನಂತರ ಎಣ್ಣೆಯನ್ನು ಮತ್ತೊಮ್ಮೆ ನೋಡಿ, ಬೆಳ್ಳಗಾಗಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ದೋಣಿಯನ್ನು ಸೇವೆಗೆ ಬಿಡತಕ್ಕದ್ದು.

11. ವಾರ್ಷಿಕ ನಿರ್ವಹಣೆ

ತೀರಗ್ರಾಮಗಳ ತುರ್ತು ಸೇವೆಗೆಂದು ಇರಿಸಿದ ದೋಣಿಗಳು ವರ್ಷದ ಹೆಚ್ಚಿನ ತಿಂಗಳು ನಿಂತೇ ಇರುತ್ತವೆ. ನಿಂತ ದೋಣಿಯೂ ಹಾಳಾಗುತ್ತದೆ: ಬಿಸಿಲಿಗೆ ರಬ್ಬರ್ ಬಿರಿಯುತ್ತದೆ, ಇಂಪೆಲ್ಲರಿನ ರೆಕ್ಕೆಗಳು ಒಂದೇ ಕಡೆಗೆ ಬಾಗಿ ಗಟ್ಟಿಯಾಗುತ್ತವೆ, ಎಣ್ಣೆಯಲ್ಲಿ ಸೇರಿದ ನೀರು ಬೇರಿಂಗ್‌ಗಳಿಗೆ ತುಕ್ಕು ಹಿಡಿಸುತ್ತದೆ. ಆದುದರಿಂದ:

(1) ಗೇರು ಎಣ್ಣೆಯನ್ನು ವರ್ಷಕ್ಕೊಮ್ಮೆ, ಅಥವಾ ತಯಾರಕರು ಸೂಚಿಸಿದ ಗಂಟೆಗಳಿಗೊಮ್ಮೆ, ಯಾವುದು ಮೊದಲೋ ಆಗ ಬದಲಿಸಬೇಕು.
(2) ನದಿಯ ಸಿಹಿನೀರಿನಲ್ಲಿ ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂ ಆನೋಡ್ ಬಳಸಬೇಕು. ಸಮುದ್ರಕ್ಕೆಂದು ತಯಾರಾದ ಸತುವಿನ ಆನೋಡ್ ಸಿಹಿನೀರಿನಲ್ಲಿ ಪರಿಣಾಮಕಾರಿಯಲ್ಲ. ಆನೋಡ್ ಅರ್ಧದಷ್ಟು ಕರಗಿದಾಗ ಬದಲಿಸಬೇಕು. ಅದರ ಮೇಲೆ ಬಣ್ಣ ಬಳಿಯಬಾರದು.
(3) ದೋಣಿಯನ್ನು ದಡದಲ್ಲಿರಿಸುವಾಗ ಘಟಕವನ್ನು ಕೆಳಗಿಳಿಸಿ ಇಡಬೇಕು. ಇದರಿಂದ ಒಳಗಿನ ನೀರು ಬಸಿದುಹೋಗುತ್ತದೆ ಮತ್ತು ಬೆಲ್ಲೋಸಿನ ಮಡಿಕೆಗಳು ಎಳೆದುಕೊಂಡಿರುವುದಿಲ್ಲ.
(4) ಮುಂಗಾರಿಗೆ ಮೊದಲು ಪ್ರತಿವರ್ಷ ಒಮ್ಮೆ ನೀರಿನಲ್ಲಿ ಚಾಲನೆ ಮಾಡಿ ನೋಡಬೇಕು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬೆಲ್ಲೋಸ್ ಸ್ವಲ್ಪ ಬಿರಿದಿದೆ. ಅಂಟು ಹಚ್ಚಿ ಬಳಸಬಹುದೇ?
ಉತ್ತರ: ಬಳಸಬಾರದು. ಚಾಲನೆಯಲ್ಲಿ ಅದು ಸದಾ ಬಾಗುತ್ತಿರುವುದರಿಂದ ಅಂಟು ನಿಲ್ಲುವುದಿಲ್ಲ. ಬದಲಿಸುವುದೊಂದೇ ಮಾರ್ಗ.

ಪ್ರಶ್ನೆ: ಎಣ್ಣೆ ಬೆಳ್ಳಗಾಗಿದೆ. ಎಣ್ಣೆಯನ್ನಷ್ಟೇ ಬದಲಿಸಿದರೆ ಸಾಲದೇ?
ಉತ್ತರ: ಸಾಲದು. ನೀರು ಬಂದ ದಾರಿಯನ್ನು ಒತ್ತಡ ಪರೀಕ್ಷೆಯಿಂದ ಪತ್ತೆಹಚ್ಚಿ ಸೀಲನ್ನು ಬದಲಿಸಬೇಕು. ಬೇಗ ಗಮನಿಸಿದರೆ ಸೀಲಿನ ವೆಚ್ಚದಲ್ಲಿ ಮುಗಿಯುವ ಕೆಲಸ, ತಡವಾದರೆ ಗೇರುಪೆಟ್ಟಿಗೆಯ ವೆಚ್ಚಕ್ಕೆ ಏರುತ್ತದೆ.

ಪ್ರಶ್ನೆ: ಬೇರೆ ರಾಜ್ಯದಲ್ಲಿ ನೋಂದಣಿಯಾದ ದೋಣಿಯನ್ನು ಕೊಂಡರೆ ಅದರ ನೋಂದಣಿ ಇಲ್ಲಿ ಮಾನ್ಯವೇ?
ಉತ್ತರ: 2021ರ ಅಧಿನಿಯಮದಂತೆ ನೀಡಲಾದ ನೋಂದಣಿ ಪ್ರಮಾಣಪತ್ರವು ಎಲ್ಲ ರಾಜ್ಯಗಳಲ್ಲಿ ಮಾನ್ಯ. ಆದರೆ ಮಾಲೀಕತ್ವದ ವರ್ಗಾವಣೆಯನ್ನು ದಾಖಲಿಸಿಕೊಳ್ಳಬೇಕು ಮತ್ತು ಎಂಜಿನ್, ಘಟಕಗಳ ಕ್ರಮಸಂಖ್ಯೆಗಳು ದಾಖಲೆಗಳಿಗೆ ಹೊಂದುತ್ತವೆಯೇ ಎಂದು ಖರೀದಿಗೆ ಮೊದಲೇ ನೋಡಬೇಕು.

ಪ್ರಶ್ನೆ: ಪ್ರವಾಹದ ಸಮಯದಲ್ಲಿ ಖಾಸಗಿ ದೋಣಿಯನ್ನು ರಕ್ಷಣೆಗೆ ಬಳಸಬಹುದೇ?
ಉತ್ತರ: ಜಿಲ್ಲಾಡಳಿತದ ಸೂಚನೆಯ ಮೇರೆಗೆ ಮಾತ್ರ ಬಳಸಬೇಕು. ತುರ್ತು ಸಂದರ್ಭದಲ್ಲಿ ಜಿಲ್ಲಾ ನಿಯಂತ್ರಣ ಕೊಠಡಿಯ 1077 ಅಥವಾ 112 ಸಂಖ್ಯೆಗೆ ಕರೆಮಾಡಬಹುದು.

13. ಸೂಚನೆ

ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ತಾಂತ್ರಿಕ ಅಳತೆಗಳಿಗೆ ಆಯಾ ತಯಾರಕರ ಕೈಪಿಡಿಯನ್ನೂ, ಕಾನೂನಿನ ವಿಷಯದಲ್ಲಿ ಅಧಿನಿಯಮ ಹಾಗೂ ಅದರಡಿಯ ನಿಯಮಗಳ ಮೂಲ ಪಠ್ಯವನ್ನೂ ಅಂತಿಮವೆಂದು ಪರಿಗಣಿಸತಕ್ಕದ್ದು. ಮುಂಗಾರು ಆರಂಭವಾಗುವ ಮೊದಲೇ ದೋಣಿಗಳ ಪರಿಶೀಲನೆ, ದುರಸ್ತಿ ಮತ್ತು ದಾಖಲೆಗಳ ನವೀಕರಣವನ್ನು ಪೂರ್ಣಗೊಳಿಸಿಕೊಳ್ಳಲು ಮಾಲೀಕರನ್ನು ಕೋರಲಾಗಿದೆ.